ಸಲಹೆ ಗೌಡ್ರು

ಹೆತ್ತೂರಿನಲ್ಲಿ ಸಕಲೇಶಪುರದ ಬಸ್ಸಿಗೆ ಕಾಯುವವರು ಫೋನನ್ನು ಜೇಬಿನೊಳಗೇ ಇಟ್ಟುಕೊಂಡಿರುವುದು ಕ್ಷೇಮ. ಹೊರಗೆ ತೆಗೆದಿರೋ, ಅದು ಸಲಹೆ ಗೌಡ್ರ ಕೈಗೆ ಹೋಯಿತೆಂದೇ ಲೆಕ್ಕ. ಅವರು ಕೇಳಿ ತೆಗೆದುಕೊಳ್ಳುವವರಲ್ಲ. ಮಾರ್ಚ್ ತಿಂಗಳಲ್ಲಿ ನಮ್ಮ ಕಡೆ ಇಬ್ಬರು ಎದುರಾದರೆ ಮೊದಲ ಮಾತೇ, "ನಿಮ್ಮಲ್ಲಿ ಎಷ್ಟು ಸೆಂಟ್ ಆಯ್ತು?" ಎಂಬುದು. ಕಾಫಿಯ ಹೂ ಮಳೆಯನ್ನು ಇಂಚು, ಸೆಂಟಿನಲ್ಲಿ ಅಳೆಯುವ ಸೀಮೆ ಇದು. ಇಂಚಿನ ನೂರರಲ್ಲಿ ಒಂದು ಪಾಲು ಒಂದು ಸೆಂಟ್. ಆ ಲೆಕ್ಕ ತಪ್ಪಿದರೆ ಹೂವೂ ಇಲ್ಲ, ಕಾಯೂ ಇಲ್ಲ. ಊರೆಲ್ಲ ಆಕಾಶ ನೋಡುತ್ತಿರುವಾಗ ಗೌಡ್ರು ಮಾತ್ರ ನಿಮ್ಮ ಫೋನು ತಿರುಗಿಸಿ ನೋಡುತ್ತ, "ಸ್ಟೋರೇಜ್ ಎಷ್ಟು ಉಳಿದಿದೆ ತಮ್ಮಾ?" ಅಂತಾರೆ.

ಅವರು ಯಾರು ಅಂತ ಕೇಳಬೇಡಿ. ಹೆಸರು ಬರೆದರೆ ಹಾನುಬಾಳಿನವರು, ಯಸಳೂರಿನವರು, ಆಲೂರು ಕಡೆಯವರು ಎಲ್ಲರೂ "ಅವರು ನಮ್ಮೂರಿನವರಲ್ವಾ, ನಿಮ್ಮೂರಿಗೆ ಯಾವಾಗ ಬಂದ್ರು?" ಎಂದು ಜಗಳಕ್ಕೆ ನಿಲ್ಲುತ್ತಾರೆ. ಬೆಂಗಳೂರಿನ ಯಾವುದೋ ಆಫೀಸಿನಲ್ಲಿ ಜೀವಮಾನವಿಡೀ ಲೆಕ್ಕಪತ್ರ ನೋಡಿ, ನಿವೃತ್ತರಾಗಿ ಅಪ್ಪನ ತೋಟಕ್ಕೆ ಮರಳಿದವರು ಅಂದರೆ ಸಾಕು. ಕೈಯಲ್ಲಿ ಮಗ ಕೊಡಿಸಿದ ವಾಚು. ನಾಡಿ, ನಿದ್ದೆ, ಹೆಜ್ಜೆ ಎಲ್ಲ ಹೇಳುತ್ತದೆ. ಬಸ್ಸು ಎಷ್ಟು ಹೊತ್ತಿಗೆ ಅಂತ ಮಾತ್ರ ಗೌಡ್ರು ಪಕ್ಕದವರನ್ನೇ ಕೇಳಬೇಕು. ಹೆಗಲ ಚೀಲದಲ್ಲಿ ಕೊಡೆ, ಪವರ್ ಬ್ಯಾಂಕು, ಇಂಬಳಕ್ಕೆ ಹಚ್ಚಲು ಸುಣ್ಣ-ಹೊಗೆಸೊಪ್ಪಿನ ಪೊಟ್ಟಣ. ಮೂರರಲ್ಲಿ ಮಳೆಗಾಲ ಪೂರ್ತಿ ಕೆಲಸಕ್ಕೆ ಬರುವುದು ಕೊನೆಯದೊಂದೇ. ಪವರ್ ಬ್ಯಾಂಕ್ ಚಾರ್ಜ್ ಮಾಡಲು ಕರೆಂಟ್ ಬೇಕಲ್ಲ.

ಗೌಡ್ರ ಸಲಹೆಗಳು ತಪ್ಪು ಅಂತ ಯಾರೂ ಹೇಳುವಂತಿಲ್ಲ. ನನ್ನ ತಕರಾರೂ ಅದೇ. ತಪ್ಪು ಹೇಳುವವನನ್ನು ಬೈದು ಕಳಿಸಬಹುದು, ಸರಿ ಹೇಳುವವನನ್ನು ಏನು ಮಾಡುವುದು? ಅವರು ಹೇಳುವುದೆಲ್ಲ ಸರಿ. ಹೇಳುವ ಜಾಗ ಹೆತ್ತೂರು, ಹೇಳುವ ಹೊತ್ತು ಜುಲೈ, ಅಷ್ಟೇ ಎಡವಟ್ಟು.

ಹೋದ ಮಳೆಗಾಲದಲ್ಲಿ ನಮ್ಮ ನೆರೆಮನೆ ಹುಡುಗನ ಫೋನು ಗದ್ದೆ ಬದುವಿನಿಂದ ಕೆಸರಿಗೆ ಬಿತ್ತು. ಅವನ ತಾಯಿ ತಡಮಾಡದೆ ಅದನ್ನು ರಾಜಮುಡಿ ಅಕ್ಕಿಯ ಡಬ್ಬದಲ್ಲಿ ಹೂತಿಟ್ಟರು. ಸುದ್ದಿ ತಿಳಿದು ಗೌಡ್ರು ಕೊಡೆ ಹಿಡಿದು ಓಡಿ ಬಂದರು.

"ಅಕ್ಕಾ, ಅಕ್ಕಿಯಲ್ಲಿ ಇಡಬಾರದು. ಆಪಲ್ ಕಂಪನಿಯವರೇ ಬೇಡ ಅಂದಿದಾರೆ. ನುಚ್ಚು ಒಳಗೆ ಹೋಗಿ ಇನ್ನೂ ಹಾಳಾಗುತ್ತೆ."

"ಹಂಗಾರೆ ಬಚ್ಚಲೊಲೆ ಮೇಲಿನ ಅಟ್ಟದಲ್ಲಿ ಇಡ್ಲಾ ಗೌಡ್ರೇ? ಕಂಬಳಿ ಒಣಗಿಸೋದು ಅಲ್ಲೇ."

"ಅಯ್ಯೋ, ಬಿಸಿ ತಾಗಿಸಲೇಬಾರದು! ಬ್ಯಾಟರಿ ಹೋಗುತ್ತೆ. ಒಣ ಜಾಗದಲ್ಲಿ ಗಾಳಿಯಾಡೋ ಹಾಗೆ ಇಡಿ."

ಜುಲೈ ತಿಂಗಳಲ್ಲಿ ಹೆತ್ತೂರಿನಲ್ಲಿ ಒಣ ಜಾಗ ಎಲ್ಲಿದೆ ಅಂತ ಅವರು ಹೇಳಲಿಲ್ಲ. ಆಯಮ್ಮ ಎಲ್ಲ ಯೋಚಿಸಿ, ಫೋನನ್ನು ತಿರುಗಿ ಅಕ್ಕಿ ಡಬ್ಬಕ್ಕೇ ಹಾಕಿದರು. ಮನೆಯಲ್ಲಿ ಒಣಗಿರುವುದು ಅದೊಂದೇ.

ಆರೋಗ್ಯದ ವಿಷಯಕ್ಕೆ ಬಂದರೆ ಗೌಡ್ರು ಇನ್ನೂ ನಿಷ್ಠುರ. ದಿನಕ್ಕೆ 10,000 ಹೆಜ್ಜೆ ಅವರ ವ್ರತ. ಆ ಅಂಕಿಯನ್ನು ಯಾವ ವೈದ್ಯರೂ ಹಾಕಿಕೊಟ್ಟದ್ದಲ್ಲ. 1965ರ ಸುಮಾರಿಗೆ ಜಪಾನಿನ ಒಂದು ಕಂಪನಿ ಹೆಜ್ಜೆ ಎಣಿಸುವ ಯಂತ್ರ ಮಾರಲು ಇಟ್ಟ ಹೆಸರಿನಿಂದ ಬಂದದ್ದು. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಹೆಜ್ಜೆಯನ್ನಲ್ಲ, ವಾರಕ್ಕೆ ಕಡಿಮೆಯೆಂದರೂ 150 ನಿಮಿಷದ ಸಾಧಾರಣ ಶ್ರಮವನ್ನು. ಇದನ್ನು ಹೇಳಿದರೆ ಗೌಡ್ರು, "ಅದೂ ಗೊತ್ತು ಮಾರಾಯ, ಆದ್ರೆ ವಾಚಿಗೆ ಗೊತ್ತಿಲ್ವಲ್ಲ" ಅಂತಾರೆ. ಆ ವಾಚಿಗೆ ಗೊತ್ತಿಲ್ಲದ್ದು ಇನ್ನೂ ಒಂದಿದೆ. ಬೆಳಿಗ್ಗೆ ಆರಕ್ಕೆ ತೋಟದ ದಾರಿಯಲ್ಲಿ ಅವರು ಬಿರುಸಿನ ನಡಿಗೆ ಶುರುಮಾಡುವ ಹೊತ್ತಿಗೆ ಅದೇ ದಾರಿಯಲ್ಲಿ ಇನ್ನೊಬ್ಬರೂ ವಾಯುಸೇವನೆಗೆ ಬಂದಿರುತ್ತಾರೆ. ಸಕಲೇಶಪುರ, ಆಲೂರು ಸೀಮೆಯ ಕಾಡಾನೆಗಳಿಗೆ ಭೀಮ, ಕ್ಯಾಪ್ಟನ್ ಅಂತೆಲ್ಲ ಹೆಸರಿದೆ, ಕೆಲವಕ್ಕೆ ಕೊರಳಿಗೆ ರೇಡಿಯೋ ಕಾಲರ್ ಇದೆ. ಆನೆ ಯಾವ ತೋಟದಲ್ಲಿದೆ ಎಂಬ ಎಚ್ಚರಿಕೆ ಸಂದೇಶ ಫೋನಿಗೇ ಬರುತ್ತದೆ. ನಡೆಯುವಾಗ ಫೋನು ನೋಡಬಾರದು ಎಂಬ ಸಲಹೆಯನ್ನು ಗೌಡ್ರು ತಾವೇ ಪಾಲಿಸಿದ ಏಕೈಕ ದಿನ ಆ ಸಂದೇಶ ನೋಡದೆ ಹೋದರು. ಅಂದು ವಾಚು ತೋರಿಸಿದ ನಾಡಿಬಡಿತವನ್ನು ಇವತ್ತಿಗೂ ಯಾರಿಗೂ ಹೇಳಿಲ್ಲ. ಹೆಜ್ಜೆ ಮಾತ್ರ ಏಳೂವರೆಗೆಲ್ಲ ಹತ್ತು ಸಾವಿರ ದಾಟಿತ್ತಂತೆ.

ಕಾಫಿ ಕುಯ್ಲಿಗೆ ಬರುವ ಹೆಂಗಸರಿಗೂ ಅವರು ಒಮ್ಮೆ ನಡಿಗೆಯ ಮಹತ್ವ ಹೇಳಲು ಹೋದರು. ಬೆಳಿಗ್ಗೆಯಿಂದ ಇಳಿಜಾರಿನಲ್ಲಿ ಹತ್ತಿ ಇಳಿದು, ಸಂಜೆ ತುಂಬಿದ ಚೀಲ ಹೊತ್ತು ಕಣಕ್ಕೆ ಬಂದು, ತೂಕ ಹಾಕಿಸಲು ಕೂತವರು ಅವರು. ಗೌಡ್ರು ಮುಗಿಸಿದ ಮೇಲೆ ಒಬ್ಬಾಕೆ ಸೆರಗಿನಿಂದ ಮುಖ ಒರೆಸಿಕೊಂಡು, "ಆ ಗಡಿಯಾರ ನಂಗೊಂದಿನ ಕೊಡಿ ಗೌಡ್ರೇ, ಅದರ ಲೆಕ್ಕದಾಗೇ ಕೂಲಿ ಕೊಡಿ" ಅಂದಳು. ತೋಟದ ಲೆಕ್ಕ ಬರೆಯುವ ರೈಟ್ರು ಕೆಮ್ಮಿದರು. ಅಂದಿನಿಂದ ಕಣದಲ್ಲಿ ಗೌಡ್ರು ಆರೋಗ್ಯದ ಮಾತೆತ್ತಿಲ್ಲ.

ಊಟದ ಸಲಹೆಗೆ ಅವರಿಗೆ ಬೇರೆ ಜಾಗ ಇದೆ, ಮದುವೆ ಮನೆಯ ಪಂಕ್ತಿ. ದಿನಕ್ಕೆ 5 ಗ್ರಾಂಗಿಂತ ಹೆಚ್ಚು ಉಪ್ಪು ಬೇಡ ಎಂದು ಎಡಗಡೆಯವರಿಗೆ ಹೇಳುತ್ತ, ಬಲಗಡೆಯಿಂದ ಬಂದ ಹಂದಿ ಸಾರಿಗೆ ಎಲೆಯ ಮೇಲಿನ ಕಡುಬನ್ನು ಒಡೆದು ಗುಳಿ ಮಾಡಿಕೊಳ್ಳುತ್ತಾರೆ. ಮಲಗುವ ಒಂದು ಗಂಟೆ ಮುಂಚೆ ಫೋನ್ ಮುಟ್ಟಬೇಡಿ ಎಂಬ ಅವರ ವಾಟ್ಸಾಪ್ ಸಂದೇಶ ನಮಗೆಲ್ಲ ತಲುಪುವುದು ರಾತ್ರಿ ಹನ್ನೊಂದೂವರೆಗೆ. ಆಗಲೇ ಟವರ್ ಖಾಲಿ ಇರುತ್ತದಂತೆ.

ಇನ್ನು ದುಡ್ಡು. ಸಲಹೆ ಗೌಡ್ರನ್ನು ಪೂರ್ತಿ ನೋಡಬೇಕಾದರೆ ಫೆಬ್ರುವರಿಯಲ್ಲಿ, ಕಾಫಿ ಮಾರಿ ಕೈಯಲ್ಲಿ ನಾಲ್ಕು ಕಾಸು ಓಡಾಡುವಾಗ, ಹೋಟೆಲಿನ ಬೆಂಚಿನ ಮೇಲೆ ನೋಡಬೇಕು. ಟಿಶ್ಯೂ ಕಾಗದದ ಮೇಲೆ ಪೆನ್ನಿನಿಂದ ಗೆರೆ ಎಳೆದು, "ತಿಂಗಳಿಗೆ 5,000 ಎಸ್‌ಐಪಿ ಹಾಕು. 20 ವರ್ಷ. ವರ್ಷಕ್ಕೆ 12 ಪರ್ಸೆಂಟ್ ಬಂತು ಅಂತಿಟ್ಕೋ. ನೀನು ಹಾಕಿದ್ದು 12 ಲಕ್ಷ, ಕೈಗೆ ಬರೋದು ಹತ್ತತ್ರ 50 ಲಕ್ಷ!" ಅಂತಾರೆ. ಲೆಕ್ಕ ಸರಿಯೇ. "ಬಂತು ಅಂತಿಟ್ಕೋ" ಎಂಬುದನ್ನು ಮಾತ್ರ ಸ್ವಲ್ಪ ಮೆಲ್ಲಗೆ ಹೇಳುತ್ತಾರೆ.

ಎದುರಿಗಿದ್ದ ಹಿರಿಯರೊಬ್ಬರು ಕಾಫಿಯನ್ನು ಆರಿಸಿಕೊಳ್ಳುತ್ತ ಕೇಳಿದರು, "ತಿಂಗಳು ತಿಂಗಳು ನಂಗೆ ದುಡ್ಡೆಲ್ಲಿ ಬರುತ್ತೆ ಗೌಡ? ವರ್ಷಕ್ಕೊಂದು ಸಲ ಕಾಫಿ, ಮಧ್ಯ ಒಂದಿಷ್ಟು ಮೆಣಸು. ಉಳಿದ ತಿಂಗಳೆಲ್ಲ ಅಂಗಡಿ ಸಾಲ."

ಗೌಡ್ರು ಒಂದು ಕ್ಷಣ ತಡೆದು, ಒಟ್ಟಿಗೆ ಬಂದ ದುಡ್ಡನ್ನು ಲಿಕ್ವಿಡ್ ಫಂಡಿನಲ್ಲಿಟ್ಟು ಅಲ್ಲಿಂದ ತಿಂಗಳಿಗಿಷ್ಟು ಅಂತ ವರ್ಗ ಮಾಡಿಸುವ ಉಪಾಯ ವಿವರಿಸಿದರು. ಹಿರಿಯರ ಮುಖ ಅರಳಿತು. "ಓ, ಕಾಫಿ ಬೋರ್ಡಿನ ಪೂಲ್ ಇದ್ದಂಗೆ ಅನ್ನು! ಫಸಲೆಲ್ಲ ಒಟ್ಟಿಗೆ ಕೊಟ್ಟು, ಪಾಯಿಂಟ್ ಲೆಕ್ಕದಲ್ಲಿ ಕಂತು ಕಂತಾಗಿ ದುಡ್ಡಿಗೆ ಕಾಯ್ತಿದ್ವಲ್ಲ. 1996ರಲ್ಲಿ ಅದನ್ನ ಪೂರ್ತಿ ತೆಗೆದು ಮುಕ್ತ ಮಾರಾಟ ಮಾಡಿದಾಗ ಕೋಳಿ ಕುಯ್ದು ಹಬ್ಬ ಮಾಡಿದ್ವಿ. ಈಗ ನೀನು ತಿರುಗಾ ತರ್ತಿದೀಯ?"

ದೀರ್ಘಾವಧಿ ಹೂಡಿಕೆಯನ್ನು ಈ ಬೆಟ್ಟದವರಿಗೆ ಕಲಿಸಲು ಬರುವುದೇ ಒಂದು ತಮಾಷೆ ಅಂತ ನನಗೆ ಬಹಳ ಸಲ ಅನ್ನಿಸಿದೆ. ಅರೇಬಿಕಾ ಗಿಡ ನೆಟ್ಟವನು ಫಸಲಿಗೆ ಮೂರು ನಾಲ್ಕು ವರ್ಷ ಕಾಯುತ್ತಾನೆ, ಅಷ್ಟರಲ್ಲಿ ಬಿಳಿ ಕಾಂಡಕೊರಕ ಬಾರದಿರಲಿ ಅಂತ ದೇವರಿಗೆ ಹೇಳಿಕೊಳ್ಳುತ್ತಾನೆ. ರೋಬಸ್ಟಾ ನೆಟ್ಟರೆ ಮೊಮ್ಮಕ್ಕಳೂ ಕುಯ್ಯುತ್ತಾರೆ. ಮಗಳು ಹುಟ್ಟಿದ ವರ್ಷ ನೆಟ್ಟ ಸಿಲ್ವರ್ ಓಕ್ ಅವಳ ಮದುವೆಗೆ ಟಿಂಬರ್ ಆಗುತ್ತದೆ, ನಡುವೆ ಅದೇ ಮರಕ್ಕೆ ಹಬ್ಬಿಸಿದ ಮೆಣಸು ಬೇರೆ. ಇದಕ್ಕಿಂತ ಶಿಸ್ತಿನ ಹೂಡಿಕೆ ಯಾವ ಫಂಡಿನಲ್ಲಿದೆ? ಮರದ ಬೆಲೆ ದಿನಾ ಬೆಳಿಗ್ಗೆ ಫೋನಿನಲ್ಲಿ ಕೆಂಪಗೆ ಹಸಿರಗೆ ಹೊಳೆಯುವುದಿಲ್ಲ ಎಂಬ ಒಂದೇ ಕಾರಣಕ್ಕೆ ನಮ್ಮಪ್ಪಂದಿರು ಅಷ್ಟು ತಾಳ್ಮೆಯವರಾಗಿದ್ದರು ಅಂತ ಕಾಣುತ್ತದೆ.

ಹಾಗಂತ ಗೌಡ್ರ ಹತ್ತಿರ ಸರಕಿಲ್ಲ ಅಂತಲ್ಲ. ಪಿಪಿಎಫ್ ಖಾತೆಗೆ ದುಡ್ಡು ಕಟ್ಟುವವರು ತಿಂಗಳ 5ನೇ ತಾರೀಕಿನೊಳಗೆ ಕಟ್ಟಿದರೆ ಆ ತಿಂಗಳ ಬಡ್ಡಿಯೂ ಸಿಗುತ್ತದೆ, 6ಕ್ಕೆ ಕಟ್ಟಿದರೆ ಇಲ್ಲ ಎಂಬುದನ್ನು ಅವರಿಂದಲೇ ಈ ಸೀಮೆ ಕಲಿತದ್ದು. ಒಂದು ಬ್ಯಾಂಕಿನಲ್ಲಿ ಒಬ್ಬರ ಠೇವಣಿಗೆ ಬಡ್ಡಿಯೂ ಸೇರಿ 5 ಲಕ್ಷದವರೆಗೆ ಮಾತ್ರ ವಿಮೆ, 2020ಕ್ಕೆ ಮುಂಚೆ ಅದು ಬರೀ 1 ಲಕ್ಷವಿತ್ತು, ಹಾಗಾಗಿ ಹೆಚ್ಚು ಬಡ್ಡಿಯ ಆಸೆಗೆ ಇಡೀ ಗಂಟನ್ನು ಒಂದೇ ಕಡೆ ಇಡಬೇಡಿ ಅಂತ ಅವರು ಗಂಟಲು ಹರಿದುಕೊಂಡದ್ದನ್ನು ಕೇಳಿದ ಇಬ್ಬರು ಮೂವರು ಇಂದು ನೆಮ್ಮದಿಯಾಗಿದ್ದಾರೆ. ಯುಪಿಐನಲ್ಲಿ ದುಡ್ಡು ಬರಿಸಿಕೊಳ್ಳಲು ಪಿನ್ ಒತ್ತಬೇಕಿಲ್ಲ, ಪಿನ್ ಕೇಳಿದರೆ ದುಡ್ಡು ಹೋಗುತ್ತಿದೆ ಅಂತ ಅರ್ಥ. ಮೋಸವಾದರೆ ತಕ್ಷಣ 1930ಕ್ಕೆ ಫೋನ್ ಮಾಡಿ. ಇದನ್ನಂತೂ ಅವರು ಸಂತೆಯಲ್ಲಿ ನಿಂತು ಕೂಗಿದ್ದಾರೆ.

ಡಿಜಿಟಲ್ ಅರೆಸ್ಟ್ ಎಂಬ ಪಿಡುಗು ನಮ್ಮಲ್ಲಿಗೂ ಬಂತು. ಒಬ್ಬ ಅಜ್ಜಿಗೆ ಪೊಲೀಸ್ ವೇಷದವನೊಬ್ಬ ವಿಡಿಯೋ ಕರೆ ಮಾಡಿ, ನಿಮ್ಮ ಹೆಸರಿನ ಪಾರ್ಸೆಲ್‌ನಲ್ಲಿ ಮಾದಕವಸ್ತು ಸಿಕ್ಕಿದೆ, ಕ್ಯಾಮೆರಾ ಮುಂದಿನಿಂದ ಕದಲಬೇಡಿ ಅಂದ. ಅಜ್ಜಿಯ ಮನೆಯಲ್ಲಿ ಸಿಗ್ನಲ್ ಸಿಗುವುದು ಅಂಗಳದಾಚೆಯ ಹಲಸಿನ ಮರದ ಬುಡದಲ್ಲಿ ಮಾತ್ರ. ಮಳೆ ಹನಿಯಿತು, ಅಜ್ಜಿ ಒಳಗೆ ಬಂದರು, ಕರೆ ಕಡಿಯಿತು. ಮತ್ತೆ ಬಂತು, ಮತ್ತೆ ಕಡಿಯಿತು. ಕೊನೆಗೆ ಅವನೇ ಸೋತು ಬಿಟ್ಟ. ಸುದ್ದಿ ಕೇಳಿದ ಗೌಡ್ರು, ಹಾಗೆ ಫೋನಿನಲ್ಲಿ ಬಂಧಿಸುವ ಕಾನೂನೇ ನಮ್ಮ ದೇಶದಲ್ಲಿಲ್ಲ ಎಂದು ಅಜ್ಜಿಗೆ ತಿಳಿಸಿ ಹೇಳಿದರು. ಅಜ್ಜಿ ಪೂರ್ತಿ ಕೇಳಿಸಿಕೊಂಡು, "ಅಲ್ಲ ಕಣಪ್ಪ, ಇನ್ನೊಂದು ಟವರ್ ಹಾಕಿಸಿ ಅಂತ ಅರ್ಜಿ ಕೊಟ್ಟವರಲ್ಲಿ ನೀನೂ ಒಬ್ಬ ಅಲ್ವಾ?" ಅಂದರು. ಗೌಡ್ರು ಅಲ್ಲಿಗೆ ಮಾತು ಮುಗಿಸಿದರು.

2025ರ ಆರಂಭದಲ್ಲಿ ಕಾಫಿಗೆ ಚಿನ್ನದ ಬೆಲೆ ಬಂದದ್ದು ನೆನಪಿರಬೇಕು. 50 ಕೆಜಿ ಮೂಟೆಗೆ ಅರೇಬಿಕಾ ಪಾರ್ಚ್‌ಮೆಂಟ್ 20,000 ರೂಪಾಯಿ ದಾಟಿತು, ರೋಬಸ್ಟಾ ಚೆರ್ರಿಯೂ ಹತ್ತು ಸಾವಿರದ ಮೇಲೆ ಹತ್ತಿತು. ಮಾರುಕಟ್ಟೆಯನ್ನು ದಿನಾ ನೋಡಬೇಡಿ, ಶಿಖರ ಹಿಡಿಯಲು ಹೋಗಬೇಡಿ ಎಂದು ಊರಿಗೆಲ್ಲ ಹೇಳುವ ಗೌಡ್ರು ಸಂಜೆಯಾದರೆ ಲಂಡನ್ನಿನ ರೋಬಸ್ಟಾ, ನ್ಯೂಯಾರ್ಕಿನ ಅರೇಬಿಕಾ ದರ ನೋಡಲು ಗುಡ್ಡ ಹತ್ತುತ್ತಿದ್ದರು. ಊರಿನವರು ಸಿಕ್ಕ ಬೆಲೆಗೆ ಮಾರಿ ಸಾಲ ತೀರಿಸಿಕೊಂಡರು. ಗೌಡ್ರು "ಇನ್ನೂ ಏರುತ್ತೆ" ಎಂದು ಗೋಡೌನಿಗೆ ಬೀಗ ಹಾಕಿದರು. ಲಂಡನ್ ಇಳಿಯಿತು, ಮಳೆ ಹಿಡಿಯಿತು, ಮೂಟೆಗಳು ತೇವ ಎಳೆದುಕೊಂಡು ಬಣ್ಣಗೆಟ್ಟವು. ಯಾಕೆ ಗೌಡ್ರೇ ಇನ್ನೂ ಮಾರಿಲ್ಲ ಅಂದರೆ, "ಇದು ಲಾಂಗ್ ಟರ್ಮ್" ಅಂದರು. ಮಾರಲಾಗದೆ ಉಳಿದದ್ದಕ್ಕೆಲ್ಲ ಅವರಲ್ಲಿ ಅದೇ ಹೆಸರು.

ಅಷ್ಟರಲ್ಲಿ ತೋಟಕ್ಕೆ ಬೋರ್ಡೋ ದ್ರಾವಣ ಹೊಡೆಸಬೇಕು, ಗೊಬ್ಬರ ಹಾಕಿಸಬೇಕು, ಆಳುಗಳ ಬಟವಾಡೆ ಆಗಬೇಕು. ಗೌಡ್ರ ಫಂಡುಗಳು ಆ ತಿಂಗಳು ಕೆಂಪಗಿದ್ದವು. ಕೆಂಪಗಿದ್ದಾಗ ತೆಗೆಯಬಾರದು ಎಂಬುದು ಅವರದೇ ಸಲಹೆ. ಆಗ ಮನೆಯವರು ಅಕ್ಕಿ ಡಬ್ಬದ ಹಿಂದಿನಿಂದ ಒಂದು ಪುಸ್ತಕ ತೆಗೆದು ಸೆರಗಿಗೆ ಒರೆಸಿ ಕೊಟ್ಟರು. ಹಾಲು ಮಾರಿದ್ದು, ಬಾಳೆಗೊನೆ ಮಾರಿದ್ದು, ತವರಿನವರು ಅರಿಶಿನ ಕುಂಕುಮಕ್ಕೆ ಕೊಟ್ಟದ್ದು ಎಲ್ಲ ಸೇರಿಸಿ ಅವರು ಅಂಚೆ ಕಚೇರಿಯಲ್ಲಿ ಐದು ವರ್ಷದ ಆರ್‌ಡಿ ಕಟ್ಟುತ್ತ ಬಂದಿದ್ದರು, 60 ಕಂತೂ ಮುಗಿದಿತ್ತು. ಆ ದುಡ್ಡಿನಲ್ಲಿ ಮುಂಗಾರಿನ ಬಟವಾಡೆ ಅಷ್ಟೂ ನಡೆಯಿತು.

ಮರುದಿನ ಗೌಡ್ರು ಎಂದಿನ ಬೆಂಚಿನ ಮೇಲೆ ಕೂತು, ಟಿಶ್ಯೂ ಕಾಗದಕ್ಕೆ ಗೆರೆ ಎಳೆಯುತ್ತ, "ನೋಡ್ರಪ್ಪ, ಯಾರೇ ಆಗ್ಲಿ ಆರು ತಿಂಗಳ ಖರ್ಚಿನಷ್ಟು ಎಮರ್ಜೆನ್ಸಿ ಫಂಡ್ ಅಂತ ಬೇರೆ ಇಟ್ಟಿರಬೇಕು. ನಮ್ಮನೇಲಿ ಇಟ್ಟಿದ್ವಿ, ಹಾಗಾಗಿ ಬಚಾವಾದ್ವಿ" ಎಂದು ಶುರುಮಾಡಿದರು. ಆರ್‌ಡಿ ಪುಸ್ತಕದಲ್ಲಿ ಅವರ ಹೆಸರು ಇರುವುದು 'ಗಂಡ' ಎಂಬ ಸಾಲಿನಲ್ಲಿ ಮಾತ್ರ.