‘ಹಗೆ’ಯೊಳಗ ಇಳಿಯೋ ಮೊದಲು ಏನ್ ಮಾಡಬೇಕು?

ಅಕ್ಕಾರ, ಬೇಲಿ ಬಲ್ಲಿ ಬರ್ರಿ. ನಿಮ್ಮ ಮಗಳು ಫೋನಿನ್ಯಾಗ ಎಐಗೆ ನಮ್ಮ ಕಡಿ ಶಬ್ದದ ಅರ್ಥ ಕೇಳ್ಲಾಕತ್ತಿದ್ಲಲ್ಲ, ಭಾಳ ಛಲೋ ಕೆಲಸ. ಆದ್ರ ಬರೇ ಅರ್ಥ ಕೇಳಿದ್ರ ಅದಕ್ಕ ಶಬ್ದ ಖರೇನ ಗೊತ್ತದೋ ಇಲ್ಲೋ ಅನ್ನೋ ಪರೀಕ್ಷಾ ಆಗಂಗಿಲ್ಲ.

ಯಂತ್ರಕ್ಕ ಶಬ್ದದ ಪರೀಕ್ಷಾ ಇಡೋದು ಹೊಸಾದಲ್ಲರಿ. 1997ರಾಗ ಥಾಮಸ್ ಲ್ಯಾಂಡಾವರ್, ಸೂಸನ್ ಡ್ಯೂಮೇ ಅನ್ನೋ ಅಮೆರಿಕದ ಸಂಶೋಧಕರು ವಿಶ್ವಕೋಶ ಉಣಿಸಿದ ಕಂಪ್ಯೂಟರಿಗೆ ಟೋಫೆಲ್ ಅನ್ನೋ ಇಂಗ್ಲಿಷ್ ಪರೀಕ್ಷಾದ 80 ಸಮಾನಾರ್ಥ ಪ್ರಶ್ನಿ ಕೊಟ್ಟಿದ್ರು. ನೂರಕ್ಕ 64 ಸರಿ ಬಂದ್ವು. ಅಲ್ಲಿನ ಕಾಲೇಜಿಗೆ ಅರ್ಜಿ ಹಾಕಿದ, ಇಂಗ್ಲಿಷ್ ಮನಿಮಾತಲ್ಲದ ಹುಡುಗರ ಸರಾಸರೀನೂ ಅಷ್ಟ. ಆದ್ರ ಅಲ್ಲಿ ನಾಕು ಉತ್ತರದಾಗ ಒಂದು ಆರಿಸೋದಿತ್ತು, ಕಣ್ಣು ಮುಚ್ಚಿ ಬಟ್ಟಿಟ್ರೂ ನೂರಕ್ಕ 25 ಸಿಗ್ತಾವ.

ನಮ್ಮ ಸುರಪುರ, ಶಹಾಪುರ ಸೀಮಿ ಮಾತಿಗೆ ಬ್ಯಾರೇ ಪರೀಕ್ಷಾನ ಬೇಕು. ‘ಹಗೆ’ ತಗೋರಿ. ವೈರ ಅಂತನೂ ಅದ, ಜ್ವಾಳ ತುಂಬಿಡೋ ನೆಲದಾಗಿನ ಕುಣಿ ಅಂತನೂ ಅದ. ಎರಡೂ ನಿಘಂಟಿನಾಗ ಸಿಗ್ತಾವ, ಯಂತ್ರ ಬಾಯಿಪಾಠ ಮಾಡಿರಬಹುದು. ಅದಕ್ಕ ಹಿಂಗ ಕೇಳ್ರಿ: ‘ಹಗೆ ತೆಗದ ಕೂಡ್ಲೇ ಒಳಗ ಇಳೀಬ್ಯಾಡ ಅಂತಿದ್ರು ಹಿರ್ಯಾರು, ಯಾಕ?’ ಮುಚ್ಚಿದ ಹಗೆದಾಗ ಕಾಳು, ಹುಳ ಎಲ್ಲ ಉಸಿರಾಡಿ ಕೆಟ್ಟ ಗಾಳಿ ತುಂಬಿರ್ತದ. ಬಾಯಿ ತೆಗದು ಗಾಳಿ ಆಡ್ಲಾಕ ಬಿಟ್ಟು, ದೀಪ ಇಳಿಬಿಟ್ಟು, ಅದು ಆರಲಿಲ್ಲಂದ್ರ ಮನಷಾ ಇಳೀತಿದ್ದ. ಇಷ್ಟು ಹೇಳಿದ್ರ ಶಬ್ದ ಗೊತ್ತದ ಅನ್ರಿ. ವೈರಿ ಮನಿಗೆ ಹೋಗಬಾರದು ಅಂತ ಹೇಳ್ತೋ, ಗೊತ್ತಿಲ್ಲ ಅಂತನ ಲೆಕ್ಕ. ಜೀವದ ಮಾತದು.

‘ರಾಶಿ’ನೂ ಹಂಗ. ಯಾದಗಿರಿಯಾಗ ‘ತೊಗರಿ ರಾಶಿ ಆತೇನು?’ ಅಂದ್ರ ಒಕ್ಕಣಿ ಮುಗೀತೇನು ಅಂತ. ಶಿರಸಿಯವ್ರಿಗೆ ರಾಶಿ ಅಂದ್ರ ಭಾಳ. ಪಂಚಾಂಗದವ್ರಿಗೆ ಮೇಷ, ವೃಷಭ.

ಇನ್ನೊಂದು. ಯಾರೂ ಆಡದ ಹುಸಿ ಶಬ್ದ ಒಂದು ಕಟ್ಟಿ ನಡುವ ಸೇರಿಸಬೇಕು. ‘ನನಗ ಗೊತ್ತಿಲ್ಲ’ ಅಂದ್ರ ಪೂರಾ ಅಂಕ ಕೊಡ್ರಿ. ಅದಕ್ಕೂ ಧೈರ್ಯಲೇ ಅರ್ಥ ಹೇಳ್ತಂದ್ರ, ಉಳದ ಉತ್ತರ ನಂಬೋದು ಹ್ಯಾಂಗ?

ಪ್ರಶ್ನಿ ಎಲ್ಲಿಂದ ತರೋದು ಅಂತೀರಾ? ಮನ್ಯಾಗ ನಿಮ್ಮ ಅತ್ತಿ ಅದಾರಲ್ಲ! ಕೂರಿಗಿ, ಕುಂಟಿ, ಕಣ, ಬಣವಿ, ಎಳ್ಳಮಾಸಿ ಚರಗ, ಒಂದೊಂದನ್ನೂ ಯಾವಾಗ ಏನ್ ಮಾಡ್ತಿದ್ರಂತ ಮಗಳು ಅವ್ರನ್ನ ಕೇಳಿ ಬರಕೊಳ್ಳಲಿ. ಯಂತ್ರದ ಉತ್ತರ ಸರಿನೋ ತಪ್ಪೋ ಅತ್ತಿಯವ್ರೇ ಹೇಳಲಿ. ಬರದದ್ದು ವಹಿಯಾಗೇ ಇರಲಿ, ನೆಟ್ಟಿನಾಗ ಹಾಕಬ್ಯಾಡ ಅನ್ರಿ. ಹಾಕಿದ್ರ ಮುಂದಿನ ಸಲ ಯಂತ್ರ ಉತ್ತರ ಓದಕೊಂಡೇ ಪರೀಕ್ಷಾಕ್ಕ ಕೂಡ್ತದ.