ಹೊರಡುವ ಶಾಸ್ತ್ರ

ನೆಂಟರ ಮನೆಯಿಂದ ಎದ್ದು ಬರುವ ವಿದ್ಯೆ ನನ್ನಾಕೆಯ ತವರಿನವರಿಗೆ ಒಲಿದಿಲ್ಲ. ಸೋಫಾ ಬಿಟ್ಟೇಳುವಾಗ ಒಂದು ಸಲ, ಹೊಸ್ತಿಲಲ್ಲಿ ಒಂದು ಸಲ, ಚಪ್ಪಲಿ ಮೆಟ್ಟಿದ ಮೇಲೆ ಒಂದು ಸಲ, ಗೇಟಿನಲ್ಲಿ ಕೊನೆಯ ಸಲ, ಹೀಗೆ ಕಂತಿನ ಮೇಲೆ ಹೊರಡುತ್ತಾರೆ. ಮುಖ್ಯವಾದ ಸುದ್ದಿಯೆಲ್ಲ ನೆನಪಾಗುವುದು ಗೇಟಿನಲ್ಲೇ. ಭಾಷೆ ಬಾರದ ಊರಾದರೆ ಈ ಕಾಟ ಇರದು ಎಂಬ ದೂರಾಲೋಚನೆಯಿಂದ ನೇಪಾಳದ ಸಿರುಬಾರಿಯಲ್ಲಿ ಹೋಂಸ್ಟೇ ಗೊತ್ತು ಮಾಡಿದೆ.

ಸಿರುಬಾರಿ ಸ್ಯಾಂಗ್ಜಾ ಜಿಲ್ಲೆಯ ಗುಡ್ಡದ ಮೇಲಿರುವ ಗುರುಂಗ್ ಜನರ ಹಳ್ಳಿ. 1997ರಲ್ಲಿ ನೇಪಾಳದ ಹಳ್ಳಿ ಹೋಂಸ್ಟೇ ಶುರುವಾದದ್ದು ಇಲ್ಲಿಂದಲೇ. ಯಾವ ಅತಿಥಿ ಯಾರ ಮನೆಗೆ ಎಂದು ಊರ ಸಮಿತಿಯೇ ಸರದಿಯಂತೆ ಹಂಚುತ್ತದೆ. ಬಂದವರನ್ನು ವಾಲಗ ಊದಿಸಿ, ಹೂವಿನ ಹಾರ ಹಾಕಿ ಕರೆದೊಯ್ಯುತ್ತಾರೆ. ನನ್ನ ಮದುವೆಯಲ್ಲೂ ನನಗೆ ಈ ಮರ್ಯಾದೆ ಸಿಕ್ಕಿರಲಿಲ್ಲ. ಆವತ್ತು ವಾಲಗದವರು ಊಟಕ್ಕೆ ಕೂತಿದ್ದರು.

ನಮ್ಮ ಪಾಲಿಗೆ ಬಂದ ಮನೆಯ ಯಜಮಾನರು ಭಾರತದ ಸೇನೆಯ ಗೂರ್ಖಾ ರೆಜಿಮೆಂಟಿನಲ್ಲಿ ದುಡಿದು ನಿವೃತ್ತರಾದವರು. ನನ್ನ ಹಿಂದಿಯನ್ನು ಶಾಂತವಾಗಿ ಕೇಳಿಸಿಕೊಂಡು, "ಸಾಬ್, ನೀವು ಹಿಂದಿಯಲ್ಲೇ ಮಾತಾಡಬಹುದು" ಅಂದರು. ಅಲ್ಲಿಗೆ ನನ್ನ ಬಾಯಿ ಬಂದ್. ಅಡುಗೆಮನೆಯಲ್ಲಿ ನನ್ನಾಕೆ ಕನ್ನಡದಲ್ಲಿ, ಮನೆಯೊಡತಿ ಆಮಾ ತಮ್ಮ ಭಾಷೆಯಲ್ಲಿ ಶುರುಮಾಡಿ, ಸಂಜೆಯೊಳಗೆ ಇಬ್ಬರೂ ಸೊಸೆಯಂದಿರ ವಿಚಾರಕ್ಕೆ ಬಂದಿದ್ದರು.

ಊಟಕ್ಕೆ ಢಿಂಡೋ. ಅಂದರೆ ರಾಗಿಹಿಟ್ಟನ್ನು ಕುದಿನೀರಲ್ಲಿ ತೊಳಸಿದ, ಉಂಡೆ ಕಟ್ಟದ ಮುದ್ದೆ. ಅಗಿಯಬಾರದು, ನುಂಗಬೇಕು ಎಂದು ಯಜಮಾನರು ಮಂಡ್ಯದವನಾದ ನನಗೆ ಹೇಳಿಕೊಟ್ಟರು! ಜಿಲ್ಲೆಯ ಮಾನ ಉಳಿಸಲೆಂದು ಮತ್ತೆ ಮತ್ತೆ ಬಡಿಸಿಕೊಂಡೆ. ಆ ರಾತ್ರಿ ಮಾಜಿ ಯೋಧರ ಅಂಗಳದಲ್ಲಿ ಹೊಟ್ಟೆ ಹಿಡಿದುಕೊಂಡು ಪರೇಡ್ ಮಾಡಿದವನು ನಾನೊಬ್ಬನೇ.

ಹೊರಡುವ ದಿನ ಬಂತು. ಪೋಖರಾದ ಜೀಪು ಒಂಬತ್ತಕ್ಕೆ. ನೇಪಾಳದ ಗಡಿಯಾರ ನಮ್ಮದಕ್ಕಿಂತ 15 ನಿಮಿಷ ಮುಂದೆ. ನಾನು ಗಡಿ ದಾಟಿದ ಕೂಡಲೇ ವಾಚು ತಿರುಗಿಸಿದ್ದೆ. ನನ್ನಾಕೆ ತನ್ನದನ್ನು ಮುಟ್ಟಿರಲಿಲ್ಲ. "ನನ್ನ ವಾಚಲ್ಲಿ ಕಾಲು ಗಂಟೆ ಜಾಸ್ತಿ ಇದೆ ರೀ" ಎಂದು ಆಮಾಗೆ ಅರಿಶಿನ-ಕುಂಕುಮ ಕೊಟ್ಟು ಮಡಿಲಿಗೆ ಕಣ ಇಟ್ಟಳು. ಹೊಲಿಸುವ ಧೈರ್ಯ ಯಾರಿಗೂ ಬಾರದೆ ನಮ್ಮ ಬಳಗದ ಮನೆಗಳನ್ನೆಲ್ಲ ಸುತ್ತಿದ್ದ ಆ ಗಿಳಿಹಸಿರು ಕಣಕ್ಕೆ ಕೊನೆಗೂ ವಿದೇಶದಲ್ಲಿ ಮುಕ್ತಿ ಸಿಕ್ಕಿತು. ಪ್ರತಿಯಾಗಿ ಬಂದದ್ದು ಒಂದು ಗಂಟು ಗುಂದ್ರುಕ್, ಹುಳಿಬರಿಸಿ ಒಣಗಿಸಿದ ಸೊಪ್ಪು. ಅದರ ವಾಸನೆ ನಮಗಿಂತ ಮೊದಲು ಜೀಪು ಹತ್ತಿತು.

ಬಾಡಿಗೆಯೆಲ್ಲ ಸಮಿತಿಗೆ ಸಂದಿತ್ತು. ಆದರೂ ನಮ್ಮ ಕಡೆಯ ಪದ್ಧತಿಯಂತೆ ಮೊಮ್ಮಗುವಿನ ಕೈಗೆ ಒಂದು ನೋಟು ತುರುಕಿದೆ. ಮಗು ಅದನ್ನು ಅಜ್ಜನಿಗೆ ಒಪ್ಪಿಸಿತು. ಅಷ್ಟರಲ್ಲಿ ಟೀಕಾ ಶುರುವಾಯಿತು. ಮೊಸರಲ್ಲಿ ಕಲಸಿದ ಅಕ್ಕಿಯನ್ನು ಹಣೆಗೆ ಮೆತ್ತಿದ ಮೇಲೆ ಹಿರಿಯರು ದಕ್ಷಿಣೆ ಕೊಡುವುದು ಅಲ್ಲಿಯ ರೂಢಿ. ನನ್ನ ನೋಟೇ ನನ್ನಾಕೆಯ ಕೈಗೆ ದಕ್ಷಿಣೆಯಾಗಿ ಬಂತು. ಮಗುವಿನಿಂದ ವಾಪಸ್ಸು ಬಂದದ್ದು ಅವಳ ಪರ್ಸಿನಿಂದ ಮಾತ್ರ ವಾಪಸ್ಸು ಬರಲಿಲ್ಲ.

ಹಾರ, ಟೀಕಾ, ಕಣ್ಣೀರು ಎಲ್ಲ ಮುಗಿಸಿ ನನ್ನಾಕೆ ಜೀಪು ಹತ್ತಿಯೇಬಿಟ್ಟಳು. ಒಂಬತ್ತು ಹೊಡೆಯಲು ಇನ್ನೂ ಹೊತ್ತಿತ್ತು. ಅದೂ ನೇಪಾಳದ ಒಂಬತ್ತು. ಆಗ ಯಜಮಾನರು ನನ್ನ ಕೈ ಕುಲುಕುತ್ತ, ತಾವೂ ಆಗಾಗ ಪೋಖರಾಕ್ಕೆ ಹೋಗುವುದುಂಟು, ಭಾರತದ ರಾಯಭಾರ ಕಚೇರಿಯವರ ಪಿಂಚಣಿ ಕಚೇರಿ ಇರುವುದು ಅಲ್ಲೇ ಅಂದರು. ಪಿಂಚಣಿ! ನಾನೂ ಪಿಂಚಣಿದಾರ. ನನ್ನ ಹಿಂದಿಗೆ ರೆಕ್ಕೆ ಬಂತು. ತುಟ್ಟಿಭತ್ಯೆ, ಅದರ ಬಾಕಿ, ಬದುಕಿದ್ದೇನೆಂದು ವರ್ಷವರ್ಷವೂ ಕೊಡಬೇಕಾದ ಪ್ರಮಾಣಪತ್ರ, ಒಂದೇ ಎರಡೇ! ಅಂಗಳದಲ್ಲಿ ಒಂದಿಷ್ಟು, ಮೆಟ್ಟಿಲಲ್ಲಿ ಒಂದಿಷ್ಟು, ಜೀಪಿನ ಬಾಗಿಲು ಹಿಡಿದುಕೊಂಡು ಇನ್ನೊಂದಿಷ್ಟು ಆಯಿತು. ಡ್ರೈವರು ಎಂಜಿನ್ ಆಫ್ ಮಾಡಿ ಚಹಾಕ್ಕೆ ಹೋದ. "ರೀ, ನನ್ನ ವಾಚಲ್ಲೂ ಹತ್ತಾಯ್ತು" ಎಂದು ಒಳಗಿನಿಂದ ಕೂಗು ಬಂದಾಗ ನಾವಿನ್ನೂ ಕುಟುಂಬ ಪಿಂಚಣಿಗೆ ಬಂದಿರಲಿಲ್ಲ.

ಆದ್ದರಿಂದ ಸಿರುಬಾರಿಗೆ ಹೊರಡುವ ನಿವೃತ್ತ ಮಿತ್ರರಲ್ಲಿ ನನ್ನದೊಂದು ಮನವಿ: ಹೆಂಡತಿಗೆ ಅವಸರ ಮಾಡಬೇಡಿ, ಪಿಂಚಣಿ ಮಾತನ್ನು ಮೊದಲ ದಿನವೇ ಮುಗಿಸಿಕೊಳ್ಳಿ.