ವಕೀಲರ ಬೋರ್ಡು, ಗುಮಾಸ್ತರ ಫೋನು

1787ರಲ್ಲಿ ಟಿಪ್ಪು, ಮರಾಠರು, ನಿಜಾಮ ಮೂವರೂ ಕಾದಾಡಿ ಸುಸ್ತಾಗಿ ರಾಜಿಗೆ ಬಂದದ್ದು ಗಜೇಂದ್ರಗಡದ ಒಪ್ಪಂದದಲ್ಲಿ. ಬಾದಾಮಿಯಂಥ ಬಾದಾಮಿಯನ್ನೇ ಟಿಪ್ಪು ಬಿಟ್ಟುಕೊಟ್ಟ. ಅದೇ ಗಜೇಂದ್ರಗಡದ ಸುತ್ತಮುತ್ತ ಇವತ್ತು ಒಂದು ಗೇಣು ಬದುವಿನ ಸಲುವಾಗಿ ಅಜ್ಜ ಹೂಡಿದ ದಾವೆಯನ್ನು ಮೊಮ್ಮಗ ನಡೆಸುತ್ತಾನೆ. ಬಿಟ್ಟುಕೊಡುವ ಮಾತೆತ್ತಿದರೆ ಮನೆತನದ ಮರ್ಯಾದೆ ಅಡ್ಡ ಬರುತ್ತದೆ.

ಹಾಗಾಗಿ ವಕೀಲರಿಗೆ ಕೆಲಸದ ಬರವಿಲ್ಲ. ಬರವೇನಿದ್ದರೂ ಪ್ರಚಾರಕ್ಕೆ. ಹುಟ್ಟುಹಬ್ಬಕ್ಕೆ, ಜಾತ್ರೆಗೆ, ಪಂಚಾಯಿತಿ ಗೆಲುವಿಗೆ ಫ್ಲೆಕ್ಸ್ ಏಳುವ ಕಾಲದಲ್ಲಿ ಕರಿ ಕೋಟಿನವರಿಗೆ ಮಾತ್ರ ಆ ಭಾಗ್ಯವಿಲ್ಲ. ಭಾರತೀಯ ವಕೀಲರ ಪರಿಷತ್ತಿನ 36ನೇ ನಿಯಮ ಜಾಹೀರಾತನ್ನು ಬೇಡವೆನ್ನುತ್ತದೆ, ದಲ್ಲಾಳಿಯನ್ನೂ ಬೇಡವೆನ್ನುತ್ತದೆ. ಬಾಗಿಲಿನ ಬೋರ್ಡು ಹದವಾದ ಅಳತೆಯಲ್ಲಿರಬೇಕು. ತಾನು ಸಂಘದ ಅಧ್ಯಕ್ಷನಾಗಿದ್ದೆ, ನ್ಯಾಯಾಧೀಶನಾಗಿದ್ದೆ, ಇಂಥ ಕೇಸಿನಲ್ಲಿ ಪಳಗಿದವನು ಎಂದು ಅದರ ಮೇಲೆ ಬರೆಸುವಂತಿಲ್ಲ. 2008ರಲ್ಲಿ ವೆಬ್‌ಸೈಟಿಗೆ ಒಪ್ಪಿಗೆ ಸಿಕ್ಕಿತು. ಅಲ್ಲೂ ಹೆಸರು, ವಿಳಾಸ, ಓದು, ಕೆಲಸದ ಕ್ಷೇತ್ರದಂಥ ವಿವರಗಳಷ್ಟೇ. ಮದುವೆಯ ಬಯೋಡೇಟಾ ಇದಕ್ಕಿಂತ ರಂಗಾಗಿರುತ್ತದೆ.

ಇಷ್ಟೊಂದು ಬಿಗಿ ಯಾಕೆಂದು ಕೇಳುವವರು ಮುಂಬೈ ಕಡೆ ನೋಡಬೇಕು. ಅಲ್ಲಿನ ಮ್ಯಾಜಿಸ್ಟ್ರೇಟ್ ಕೋರ್ಟಿನ ಬಾಗಿಲಲ್ಲಿ ಕೆಲವು ವಕೀಲರು ಹೊಂಚು ಹಾಕಿ ನಿಂತು, ಕಕ್ಷಿದಾರ ಕಂಡೊಡನೆ ಮುಗಿಬಿದ್ದು ಎಳೆದಾಡುತ್ತಿದ್ದರೆಂಬ ದೂರು ಸುಪ್ರೀಂ ಕೋರ್ಟಿನವರೆಗೂ ಹೋಯಿತು. 1975ರ ದಾಭೋಲ್ಕರ್ ಪ್ರಕರಣ ಅದೇ. ಬಸ್‌ಸ್ಟ್ಯಾಂಡಿನಲ್ಲಿ ಟಂಟಂ ಆಟೋದವರು ಪ್ರಯಾಣಿಕರ ಚೀಲ ಕಸಿಯುವುದನ್ನು ಕಂಡವರಿಗೆ ಆ ದೃಶ್ಯ ಬಿಡಿಸಿ ಹೇಳಬೇಕಾಗಿಲ್ಲ.

ಬೋರ್ಡು ಬಾಯಿ ಬಿಡಬಾರದು, ವಕೀಲರೂ ಬಾಯಿ ಬಿಡಬಾರದು. ಉಳಿದವರು ಗುಮಾಸ್ತರು. ಬೆಂಗಳೂರಿನ ದೊಡ್ಡ ಲಾ ಫರ್ಮುಗಳಲ್ಲಿ ಪ್ಯಾರಾಲೀಗಲ್ ಎಂದು ಕರೆಸಿಕೊಂಡು ಎ.ಸಿ. ಕೋಣೆಯಲ್ಲಿ ಕೂರುವವರ ಕೆಲಸವನ್ನು ಇಲ್ಲಿ ಗುಮಾಸ್ತರು ಸ್ಟೂಲಿನ ಮೇಲೆ ಕೂತು ಮಾಡುತ್ತಾರೆ. ಕಿವಿಯ ಸಂದಿಯಲ್ಲಿ ಪೆನ್ನು, ಬಗಲಲ್ಲಿ ಕೆಂಪು ದಾರ ಕಟ್ಟಿದ ಫೈಲು, ಅಂಗಿಯ ಜೇಬಿನಲ್ಲಿ ಕೋರ್ಟ್ ಫೀ ಚೀಟಿ, ನಕಲು ಅರ್ಜಿಯ ರಸೀದಿ, ಯಾರದೋ ಆಧಾರ್ ಜೆರಾಕ್ಸ್. ಒಬ್ಬ ಒಳ್ಳೆಯ ಗುಮಾಸ್ತ ಕಕ್ಷಿದಾರನ ಮುಖ ಕಂಡೊಡನೆ ಸರ್ವೆ ನಂಬರು ಹೇಳುತ್ತಾನೆ. ಹೆಸರು ಆಮೇಲೆ ನೆನಪಾಗುತ್ತದೆ.

ಹಾಗಂತ ಗುಮಾಸ್ತ ಸಂತೆಯಲ್ಲಿ ನಿಂತು "ನಮ್ಮ ಸಾಹೇಬ್ರ ಕಡೆ ಬರ್ರಿ" ಎಂದು ಕೂಗುವಂತಿಲ್ಲ. ಕಮಿಷನ್ ಪಡೆದು ಕೇಸು ತರುವವನ ಮೇಲೆ ಬ್ರಿಟಿಷರ ಕಾಲದಲ್ಲೇ ಕಣ್ಣಿತ್ತು. 1879ರ ಕಾಯ್ದೆಯಡಿ ಇಂಥ ದಲ್ಲಾಳಿಗಳ ಪಟ್ಟಿ ಮಾಡಿ ಕೋರ್ಟಿನಲ್ಲಿ ತೂಗುಹಾಕಲು ಅವಕಾಶವಿತ್ತು. 2023ರ ತಿದ್ದುಪಡಿ ಅದನ್ನು ವಕೀಲರ ಕಾಯ್ದೆಗೆ 45ಎ ಕಲಮಾಗಿ ತಂದಿತು: ಪಟ್ಟಿಯಲ್ಲಿ ಹೆಸರಿದ್ದೂ ದಲ್ಲಾಳಿತನ ಮಾಡಿದರೆ ಮೂರು ತಿಂಗಳವರೆಗೆ ಜೈಲು, ಇಲ್ಲವೇ 500 ರೂಪಾಯಿವರೆಗೆ ದಂಡ, ಅಥವಾ ಎರಡೂ. ದಂಡದ ಮೊತ್ತ ನೋಡಿದರೆ ಶಾಸಕಾಂಗಕ್ಕೆ ದಲ್ಲಾಳಿಗಳ ಬಗ್ಗೆ ಎಲ್ಲೋ ಒಂದಿಷ್ಟು ಕನಿಕರವಿದ್ದಂತಿದೆ.

ಹಾಗಿದ್ದರೆ ಗುಮಾಸ್ತರು ಕಕ್ಷಿದಾರರನ್ನು ತರುವುದಾದರೂ ಹೇಗೆ? ಮುಕ್ಕಾಲು ಪಾಲು ಫೋನಿನಿಂದ.

"ಅಜ್ಜಾರ, ನಾಳೆ ಬರೂದು ಬ್ಯಾಡ್ರಿ. ಜಡ್ಜ್ ಸಾಹೇಬ್ರು ಸೂಟಿ ಅದಾರ. ಮುಂದಿನ ತಾರೀಖು ತೊಗೊಂಡು ನಾನ ಹೇಳತೀನಿ."

ಈ ಮಾತಿನ ಬೆಲೆ ತಿಳಿಯಬೇಕಾದರೆ ಇಲ್ಲಿಯ ದಾರಿ ಗೊತ್ತಿರಬೇಕು. ರೋಣ ತಾಲ್ಲೂಕಿನಲ್ಲಿದ್ದಷ್ಟು ಕಾಲ ಗಜೇಂದ್ರಗಡದವರಿಗೆ ತಾರೀಖು ಎಂದರೆ ರೋಣದ ಬಸ್ಸು. 1997ರಲ್ಲಿ ಗದಗ ಜಿಲ್ಲೆಯಾಗುವ ತನಕ ಜಿಲ್ಲೆಯ ಕೆಲಸಕ್ಕೆ ಧಾರವಾಡ. 2008ರಲ್ಲಿ ಧಾರವಾಡದಲ್ಲಿ ಸಂಚಾರಿ ಪೀಠ ತೆರೆಯುವ ತನಕ ಹೈಕೋರ್ಟಿಗೆ ಬೆಂಗಳೂರು. ಅಷ್ಟು ದೂರ ಹೋಗಿ "ಮುಂದಕ್ಕ ಹೋತು" ಎಂಬ ಎರಡು ಮಾತು ಕೇಳಿಕೊಂಡು ಬರುವುದರಲ್ಲಿ ನೇಕಾರನ ಮಗ್ಗ ಒಂದು ದಿನ ನಿಂತಿರುತ್ತದೆ, ರೈತನ ಬಿತ್ತನೆ ಹದ ತಪ್ಪಿರುತ್ತದೆ. ಒಂದು ಫೋನಿನಿಂದ ಬಸ್‌ಚಾರ್ಜೂ ಪಗಾರವೂ ಉಳಿದ ಅಜ್ಜ ಸುಮ್ಮನಿರುತ್ತಾನೆಯೇ? ಚಹಾದಂಗಡಿಯಲ್ಲಿ ಅವನು ಹೊಗಳುವುದು ವಕೀಲರ ವಾದವನ್ನಲ್ಲ. ಅದು ಇಂಗ್ಲಿಷಿನಲ್ಲಿ ನಡೆದಿತ್ತು. ಹೊಗಳುವುದು ಫೋನನ್ನು. ಅದನ್ನು ಕೇಳಿದ ಪಕ್ಕದ ಬೆಂಚಿನವನಿಗೂ ಒಂದು ಆಸ್ತಿ ವಾಟ್ನಿಯ ತಕರಾರು ಇದ್ದೇ ಇರುತ್ತದೆ.

ಈಗ ಇ-ಕೋರ್ಟ್ಸ್ ಆ್ಯಪ್‌ನಲ್ಲಿ 16 ಅಕ್ಷರ-ಅಂಕಿಗಳ ಸಿಎನ್‌ಆರ್ ಹಾಕಿದರೆ ಮುಂದಿನ ತಾರೀಖು ಮೊಬೈಲಿನಲ್ಲೇ ಸಿಗುತ್ತದೆ. ಗುಮಾಸ್ತರ ಕೆಲಸ ಹೋಯಿತೆಂದು ಹಲವರು ಭಾವಿಸಿದರು. ಆದದ್ದು ಬೇರೆ. ಮೊಮ್ಮಗ ಆ್ಯಪ್ ತೆರೆದು ತೋರಿಸಿದ ಮೇಲೂ ಅಜ್ಜ ಫೋನು ಮಾಡುತ್ತಾನೆ: "ಮೊಬೈಲನ್ಯಾಗ ಹಿಂಗ ಬಂದೇತಿ, ಖರೇನೇನ್ರಿ?"

ಇನ್ನೊಂದು ಉಪಾಯ ಉಲ್ಟಾ ಕಾಣುತ್ತದೆ: ಬಂದ ಗಿರಾಕಿಯನ್ನು ಬೇರೆ ಕಡೆ ಕಳಿಸುವುದು. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ-ಪಂಗಡದವರಿಗೆ 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಡಿ ಪುಕ್ಕಟೆ ವಕೀಲರು ಸಿಗುತ್ತಾರೆ. 15100ಕ್ಕೆ ಕರೆ ಮಾಡಿದರೆ ದಾರಿ ತೋರಿಸುತ್ತಾರೆ. ಜಾಣ ಗುಮಾಸ್ತ ಇದನ್ನು ಮುಚ್ಚಿಡುವುದಿಲ್ಲ. ಹೊಲದ ಉತಾರದಲ್ಲಿ ಹೆಸರು ಕೂಡಿಸಲು ಬಂದವಳಿಗೆ "ಅಕ್ಕಾರ, ಇದಕ್ಕ ಕೋರ್ಟ್ ಬ್ಯಾಡ, ವಾರಸಾ ಅರ್ಜಿ ಕೊಡ್ರಿ ಸಾಕು" ಎನ್ನುತ್ತಾನೆ. ಒಳಗೆ ವಕೀಲರು ಕೆಮ್ಮುತ್ತಾರೆ. ಕೈತಪ್ಪಿದ ಫೀಯ ಕೆಮ್ಮು ಅದು. ಮುಂದೆ ಅದೇ ಅಕ್ಕ ತವರಿನ ಆಸ್ತಿಯಲ್ಲಿ ಪಾಲು ಕೇಳಲು ಹೊರಟಾಗ, ಹೆಣ್ಣುಮಕ್ಕಳಿಗೂ ಪಾಲುಂಟೆಂಬ 2020ರ ಸುಪ್ರೀಂ ಕೋರ್ಟ್ ತೀರ್ಪಿನ ಸುದ್ದಿ ಹಿಡಿದು ಇದೇ ಮೆಟ್ಟಿಲು ಹತ್ತುತ್ತಾಳೆ. ಜೊತೆಗೆ ತಂಗಿಯನ್ನೂ ಕರೆತಂದಿರುತ್ತಾಳೆ.

ಇಷ್ಟಾದ ಮೇಲೆ ಹಳ್ಳಿಯವರು ಗುಮಾಸ್ತನನ್ನು "ಸಣ್ಣ ವಕೀಲ್ರು" ಎಂದು ಕರೆಯತೊಡಗುತ್ತಾರೆ. ಹೊಗಳಿಕೆಗೆ ಬೆದರುವುದು ಅವನೊಬ್ಬನೇ ಇರಬೇಕು. ಹಕ್ಕಿಲ್ಲದೆ ವಕೀಲಿ ಮಾಡಿದವನಿಗೆ ವಕೀಲರ ಕಾಯ್ದೆಯ 45ನೇ ಕಲಮಿನಲ್ಲಿ ಆರು ತಿಂಗಳವರೆಗೆ ಜೈಲಿದೆ, ದಲ್ಲಾಳಿಗಿಂತ ದುಪ್ಪಟ್ಟು.

"ಹಂಗ ಅನಬ್ಯಾಡ್ರಿ ಯಜಮಾನ್ರ, ಗುಮಾಸ್ತ ಅನ್ರಿ," ಎಂದು ಅವನು ಕೈಮುಗಿದು, ಅವರ ಫೋನ್ ನಂಬರು ಬರೆದುಕೊಳ್ಳುತ್ತಾನೆ.